ಕರಿಯನ ಅಸ್ಥಿಮಜ್ಜೆ

ಭಾವನವರಿಗೆ,

ನಿಮ್ಮ ನಾಯಿ ಕರಿಯನ ಅಸ್ಥಿಮಜ್ಜೆಯನ್ನು ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. "ಮೈಯಲ್ಲಿ ರಕ್ತಾನೇ ಇಲ್ಲ, ಕ್ಯಾನ್ಸರ್ ಇರ್ಬೇಕು, ಇಂಜೆಕ್ಷನ್ ಕೊಟ್ಟು ಮುಗಿಸ್ಬಿಡು" ಅಂದಿರಲ್ಲ? ಕ್ಯಾನ್ಸರ್ ಇಲ್ಲ. ಮಜ್ಜೆ ಬಿಡುವಿಲ್ಲದೆ ಹೊಸ ರಕ್ತ ತಯಾರಿಸುತ್ತಿದೆ. ತಯಾರಾದದ್ದೆಲ್ಲ ಹೊಟ್ಟೆಯೊಳಗೆ ಸೋರಿಹೋಗುತ್ತಿದೆ. ಪಕ್ಕೆಲುಬುಗಳು ಮುರಿದು, ಕೂಡಿ, ಅದೇ ಜಾಗದಲ್ಲಿ ಮತ್ತೆ ಮುರಿದಿವೆ. ರೋಮ ಬೋಳಿಸಿದಾಗ ನಿಮ್ಮ ಬೂಟಿನ ಅಚ್ಚು ಕಂಡಿತು.

ಮೆಟ್ಟಿಲಿಂದ ಬಿದ್ದ ಅಂದಿರಿ. ಅಕ್ಕನ ಕೈ ಮುರಿದಾಗಲೂ ಅದೇ ಮೆಟ್ಟಿಲು. ಆ ಮನೆಯಲ್ಲಿ ಬೀಳದವರು ನೀವೊಬ್ಬರೇ. ಅಕ್ಕನಿಗೆ ಬೀಳಬೇಕಾದ ಒದೆಗಳಿಗೆಲ್ಲ ಕರಿಯ ಅಡ್ಡ ಬರುತ್ತಿದ್ದನಂತೆ.

ಇಬ್ಬರೂ ಈಗ ನನ್ನ ಮನೆಯಲ್ಲಿದ್ದಾರೆ. ಅವಸರದಲ್ಲಿ ಅಕ್ಕನ ಕನ್ನಡಕ ಅಲ್ಲೇ ಉಳಿದಿದೆ, ಅವನ ಊಟದ ಬಟ್ಟಲೂ ಅಲ್ಲೇ ಇದೆ. ಯಾರ ಕೈಯಲ್ಲಾದರೂ ಕಳಿಸಿಕೊಡಿ. ನೀವು ಮಾತ್ರ ಈ ಕಡೆ ತಲೆ ಹಾಕಬೇಡಿ. ಮಜ್ಜೆ ತೆಗೆಯುವ ಸೂಜಿ ಮೊಳೆಯಷ್ಟು ದಪ್ಪ. ಅದನ್ನು ಮೈಭಾರವೆಲ್ಲ ಹಾಕಿ ತಿರುಪುತ್ತಾ ಮೂಳೆಯೊಳಗೆ ಇಳಿಸಬೇಕು. ನನಗೆ ಕೈ ಪಳಗಿದೆ. ಕರಿಯನಿಗೆ ಮೊದಲು ಅರಿವಳಿಕೆ ಕೊಟ್ಟಿದ್ದೆ.

ನಿಮಗೆ ಕೊಡುವುದಿಲ್ಲ.

ನೀವು ಆಡಿಕೊಂಡು ನಗುವ ನಾಯಿ ಡಾಕ್ಟರು,
ನಿಮ್ಮ ನಾದಿನಿ