ಬರಿಗಣ್ಣಿನ ದೂರ

ಭಾರತೀನಗರ
೧೨ ಫೆಬ್ರವರಿ ೨೦೨೫

ಸಿದ್ದೇಶ್ ಅವರಿಗೆ,

ನೀವು ಮಳವಳ್ಳಿಯಲ್ಲಿ ಚೆನ್ನಾಗಿದ್ದೀರೆಂದು ಚಂದನಾ ಆಗಾಗ ಹೇಳುತ್ತಿರುತ್ತಾಳೆ. ಹಾಗಾಗಿ ಹೇಗಿದ್ದೀರಿ ಎಂದು ಕೇಳುವ ಶಾಸ್ತ್ರ ಬೇಡ. ನನ್ನ ಸುದ್ದಿಯನ್ನೂ ಅವಳೇ ನಿಮಗೆ ಮುಟ್ಟಿಸುತ್ತಿರುತ್ತಾಳೆ. ಅಪ್ಪನಿಗೂ ಅಮ್ಮನಿಗೂ ನಡುವೆ ಓಡಾಡಿ ಆ ಹುಡುಗಿಗೆ ಸಾಕಾಗಿರಬೇಕು. ಈ ಸಲ ನಾನೇ ಬರೆಯುತ್ತಿದ್ದೇನೆ.

ಅಕ್ಷರ ಓರೆಕೋರೆಯಾಗಿದ್ದರೆ ಸುಧಾರಿಸಿಕೊಳ್ಳಿ. ಹೋದ ವಾರ ಬಲಗಣ್ಣಿಗೆ ಹೊಸ ಲೆನ್ಸ್ ಹಾಕಿದ್ದಾರೆ. ಅದಕ್ಕೆ ದೂರದ್ದೆಲ್ಲ ಕಾಣುತ್ತದೆ, ಕೈಯಲ್ಲಿ ಹಿಡಿದ ಕಾಗದ ಕಾಣುವುದಿಲ್ಲ. ಎಡಗಣ್ಣು ಇನ್ನೂ ಹಳೆಯದೇ. ಬಲಗಣ್ಣು ಮುಚ್ಚಿಕೊಂಡು, ಕಾಗದವನ್ನು ಮೂಗಿಗೆ ತಾಗಿಸಿಕೊಂಡು, ಹಳೆಯ ಕಣ್ಣಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು 'ಆಯ್ತು' ಎನ್ನುತ್ತೀರಿ, ನಾನು 'ಸರಿ' ಎನ್ನುತ್ತೇನೆ, ಅಲ್ಲಿಗೆ ಮುಗಿದುಹೋಗುತ್ತದೆ. ಈಗ ಹೇಳಬೇಕಾಗಿರುವುದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ.

ಪೊರೆ ಬಂದಿಲ್ಲದ ಕಣ್ಣಿಗೆ ಆಪರೇಷನ್ ಯಾಕೆ ಎಂದು ನೀವು ಚಂದನಾಳನ್ನು ಕೇಳಿದಿರಂತೆ. ಕನ್ನಡಕದ ಭಾರಕ್ಕೆ ಅಮ್ಮನ ಮೂಗು ಹುಣ್ಣಾಗುತ್ತಿತ್ತು, ಲೇಸರಿಗೆ ಅವಳ ಕಣ್ಣು ಒಗ್ಗುವುದಿಲ್ಲ, ಒಳಗಿನ ಲೆನ್ಸನ್ನೇ ತೆಗೆದು ಬೇರೆಯದು ಹಾಕಿದರೆ ಕನ್ನಡಕದ ಹಂಗು ಕಡಿಮೆಯಾಗುತ್ತದಂತೆ ಎಂದು ಅವಳು ಹೇಳಿದ್ದಾಳೆ. ಅದೇನೂ ಸುಳ್ಳಲ್ಲ. ಆದರೆ ಅವಳಿಗೂ ನಾನು ಹೇಳದಿರುವ ಕಾರಣವೊಂದಿದೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಎದ್ದಾಗ ದಿಂಬಿನ ಪಕ್ಕ ಕನ್ನಡಕ ಇರಲಿಲ್ಲ. ಮಂಚದ ಕೆಳಗೆ ಕೈಯಾಡಿಸಿದೆ. ಕಿಟಕಿಯ ಕಟ್ಟೆ, ಟೇಬಲ್ಲು, ಬಚ್ಚಲುಮನೆ ಎಲ್ಲ ಸವರಿದೆ. ಕನ್ನಡಕ ಹುಡುಕುವುದಕ್ಕೂ ನನಗೆ ಕನ್ನಡಕ ಬೇಕು, ಅದು ನಿಮಗೆ ಗೊತ್ತಿರುವುದೇ. ಪಕ್ಕದ ಮನೆಯ ಮಂಗಳಮ್ಮ ಹಾಲು ತಂದು ಕದ ತಟ್ಟಿದಾಗ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದು, ಮತ್ತೆ ಮಂಡಿಯೂರಿ ನೆಲ ತಡಕತೊಡಗಿದೆ. ಅವರು ಹೊಸಿಲಲ್ಲೇ ನಿಂತು, "ಯಾಕ್ ಮೇಡಮ್ಮೋರೆ, ಬೆಳ್‌ಬೆಳಿಗ್ಗೇನೇ ನೆಲ ಸಾರುಸ್ತಾ ಇದ್ದೀರಾ?" ಎಂದರು. ನಾನೂ ನಕ್ಕೆ. ಕನ್ನಡಕ ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಅವರು ತೆಗೆದುಕೊಟ್ಟು ಹೋದ ಮೇಲೆ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತೆ. ಹಾಲು ಕಾಯಿಸುವುದನ್ನೂ ಮರೆತೆ, ಅದು ಒಡೆದುಹೋಯಿತು.

ನೀವಿದ್ದಾಗ ಕನ್ನಡಕ ಎಲ್ಲೇ ಬಿದ್ದಿದ್ದರೂ ನಾನು ಕಣ್ಣು ಬಿಡುವ ಹೊತ್ತಿಗೆ ಅಂಗೈಯಲ್ಲಿ ಬಂದು ಕೂರುತ್ತಿತ್ತು. "ತಕಳಮ್ಮಿ, ಇಲ್ಲಿ ಅವೆ ನಿನ್ ಕಣ್ಣು" ಎನ್ನುತ್ತಿದ್ದಿರಿ. ಯಾವತ್ತೂ ಅದನ್ನು ದೊಡ್ಡ ಉಪಕಾರವೆಂದು ನೀವೂ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಆ ಭಾನುವಾರ ನೆಲದ ಮೇಲೆ ಕೂತಾಗ ಅನ್ನಿಸಿತು, ಕನ್ನಡಕ ಬೇಕಾಗದಿದ್ದರೆ ಕನ್ನಡಕ ಎತ್ತಿಕೊಡುವವರ ನೆನಪೂ ಬರುವುದಿಲ್ಲವೇನೋ ಎಂದು. ಗಣಿತದ ಟೀಚರಲ್ಲವೇ, ಲೆಕ್ಕ ಹಾಗೆ ಹಾಕಿಕೊಂಡೆ. ಮಾರನೆಯ ದಿನವೇ ಚಂದನಾಳಿಗೆ ಫೋನ್ ಮಾಡಿ, ಮಂಡ್ಯದಲ್ಲಿ ಒಳ್ಳೆಯ ಕಣ್ಣಿನ ಡಾಕ್ಟರು ಯಾರಿದ್ದಾರೆ ಕೇಳು ಎಂದೆ.

ಮಂಗಳಮ್ಮನಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. "ಚೆನ್ನಾಗಿರೋ ಕಣ್ಣ ಯಾರಾದ್ರೂ ಕುಯ್ಸ್ಕತ್ತಾರಾ? ದುಡ್ಡು ಎಚ್ಚಾಗ್ಯದೆ ಕಣ್ರಮ್ಮ ನಿಮ್ಗೆ" ಎಂದು ಬೈದರು. ಬೈದು, ನಾನು ಹೊರಡುವ ದಿನ ಬುತ್ತಿ ಕಟ್ಟಿಕೊಟ್ಟರು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿಧಾನವಾಗಿ ಮಾತಾಡುತ್ತಾರೆ. ಕಣ್ಣಿನ ಹಿಂಭಾಗದ ಪರದೆಯನ್ನೆಲ್ಲ ಪರೀಕ್ಷೆ ಮಾಡಿ ಆಪರೇಷನ್ ಮಾಡಬಹುದು ಎಂದರು. ಆಮೇಲೆ ಒಂದು ಮಾತು ಹೇಳಿದರು. "ಮೈನಸ್ ಹನ್ನೊಂದು ಇರೋ ಕಣ್ಣಿಗೆ ದೇವರು ಕೊಟ್ಟಿರೋ ಅನುಕೂಲ ಒಂದೇ ಮೇಡಂ, ತೀರಾ ಹತ್ತಿರದ ನೋಟ. ಲೆನ್ಸ್ ಬದಲಾಯಿಸಿದ ಮೇಲೆ ಅದು ಹೊರಟುಹೋಗುತ್ತೆ. ಬಲಗಣ್ಣಿಗೆ ದೂರದ ಲೆನ್ಸೇ ಹಾಕೋಣ, ಓದೋಕೆ ಕನ್ನಡಕ ಬೇಕಾಗಬಹುದು. ಯೋಚನೆ ಮಾಡಿ."

ಅಷ್ಟು ಹತ್ತಿರದಲ್ಲಿ ನೋಡುವಂಥದ್ದು ಈಗ ನನಗೇನೂ ಇಲ್ಲ ಎಂದೆ. ಚಂದನಾ ನನ್ನ ಮುಖ ನೋಡಿದಳು.

ನಿಮಗೆ ಇದನ್ನು ಹೇಗೆ ಹೇಳಲಿ? ಕನ್ನಡಕ ತೆಗೆದರೆ ಅರ್ಧ ಗೇಣಿನಾಚೆಗೆ ನನ್ನ ಲೋಕ ಕಲಸಿಹೋಗುತ್ತದೆ. ಆ ಅರ್ಧ ಗೇಣಿನೊಳಗೆ ಮಾತ್ರ ಬೇರೆಯವರಿಗೆ ಕಾಣದ್ದೆಲ್ಲ ಕಾಣುತ್ತದೆ. ನಿಮ್ಮ ಹುಬ್ಬಿನ ಕೂದಲೊಳಗೆ ಅಡಗಿರುವ ಗಾಯದ ಗೆರೆಯನ್ನು ನಾನು ಕಂಡದ್ದು ಅಲ್ಲಿ. ಕೆಳರೆಪ್ಪೆಯ ಅಂಚಿನ ಸಾಸಿವೆಯಷ್ಟು ಮಚ್ಚೆಯನ್ನು ಕಂಡದ್ದೂ ಅಲ್ಲೇ. ಅಂಥ ಮಚ್ಚೆಯೊಂದು ನಿಮಗಿದೆಯೆಂದು ನಿಮಗೇ ಗೊತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಹೇಳಿದರೆ ಕನ್ನಡಿ ಮುಂದೆ ನಿಂತು ಹುಡುಕಿ, ಕಾಣದೆ, ನಾನೇ ಕಟ್ಟಿ ಹೇಳುತ್ತಿದ್ದೇನೆ ಎಂದಿರಿ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದಾಗ ನನಗೆ ನೆನಪಾದದ್ದು ಆ ಮಚ್ಚೆ. ಕಣ್ಣಿಗೆ ಹನಿ ಹಾಕಿ ಮರಗಟ್ಟಿಸಿದ್ದರು, ನೋವಿರಲಿಲ್ಲ. ಮೇಲೆ ಬಿಳಿಯ ಬೆಳಕು, ಅದರೊಳಗೆ ನೀರಿನಲ್ಲಿ ಅಲುಗಾಡುವಂಥ ಬಣ್ಣಗಳು. ಡಾಕ್ಟರಮ್ಮ "ಬೆಳಕನ್ನೇ ನೋಡ್ತಿರಿ, ಅಲ್ಲಾಡಬೇಡಿ" ಎನ್ನುತ್ತಿದ್ದರು. ಈ ಕಣ್ಣು ಇನ್ನು ಅದನ್ನು ಕಾಣುವುದಿಲ್ಲ ಎಂದುಕೊಂಡೆ. ಬೇಡ ನಿಲ್ಲಿಸಿ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮುಗಿಯಿತು ಎಂದರು.

ನಿಮ್ಮ ಮೇಲೆ ದೂರು ಹೇಳಲು ನಾನು ಬರೆಯುತ್ತಿಲ್ಲ. ಪಟ್ಟಲಮ್ಮತ್ತೆ ಜಾರಿ ಬಿದ್ದು ಹಾಸಿಗೆ ಹಿಡಿದಾಗ ರೇಷ್ಮೆ ಇಲಾಖೆಯಲ್ಲಿ ನೀವು ಮಳವಳ್ಳಿಗೆ ವರ್ಗ ಕೇಳಿಕೊಂಡು ಹೋದದ್ದು ಸರಿಯೇ. ಅವರಿಗೆ ನೀವೊಬ್ಬರೇ ಮಗ. ಸ್ಕೂಲು ಬಿಟ್ಟು ನಾನು ಬರಲಾಗುತ್ತಿರಲಿಲ್ಲ, ಅದೂ ಸರಿಯೇ. ಮೊದಲು ಶನಿವಾರ ಶನಿವಾರ ಬರುತ್ತಿದ್ದಿರಿ. ಆಮೇಲೆ ತಿಂಗಳಿಗೊಮ್ಮೆ. ಆಮೇಲೆ ಅವ್ವನಿಗೆ ಹುಷಾರಿಲ್ಲ, ಬಸ್ಸಿಲ್ಲ, ಹುಳುವಿನ ಸೀಸನ್ನು. ನಾನೂ ಪರೀಕ್ಷೆ, ಪೇಪರ್ ಕರೆಕ್ಷನ್ ಎಂದೆ. ಅತ್ತೆ ಹೋದರು. ತಿಥಿ ಮುಗಿದ ದಿನ ನೆಂಟರೆಲ್ಲ ಹೊರಟ ಮೇಲೆ ಜಗಲಿಯಲ್ಲಿ ನಾವಿಬ್ಬರೇ ಕೂತಿದ್ದೆವು. ಇನ್ನು ಮನೆಗೆ ಹೋಗೋಣ ಎಂದು ನೀವು ಹೇಳುತ್ತೀರೆಂದು ಕಾದೆ. ಇನ್ನು ಮನೆಗೆ ಬನ್ನಿ ಎಂದು ನಾನು ಕರೆಯಲಿ ಎಂದು ನೀವು ಕಾಯುತ್ತಿದ್ದಿರೋ ಏನೋ. ಕೊನೆಗೆ ನೀವು ಕೇಳಿದ್ದು "ನಿನ್ ಬಸ್ಸು ಎಷ್ಟೊತ್ಗೆ?" ಎಂದು. ನಾನು ಎದ್ದು ಚೀಲ ಹುಡುಕಿದೆ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ನಾವು ಜಗಳವನ್ನೂ ಆಡಲಿಲ್ಲ.

ಆಪರೇಷನ್ ಆದ ದಿನ ಮಂಡ್ಯದಲ್ಲಿ ಚಂದನಾಳ ರೂಮಿನಲ್ಲೇ ಉಳಿದು ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಕಣ್ಣಿನ ಪಟ್ಟಿ ಬಿಚ್ಚಿದರು. ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರ ತೋರಿಸಿದರು, ಕೆಳಗಿನ ಸಾಲಿನ ತನಕ ಓದಿದೆ. ನನ್ನ ಬಾಯಲ್ಲಿ ಬಂದ ಅಕ್ಷರಗಳನ್ನು ನಾನೇ ನಂಬಲಿಲ್ಲ. ಮೂರನೇ ಕ್ಲಾಸಿನಿಂದ ಈಚೆಗೆ ಕನ್ನಡಕವಿಲ್ಲದೆ ನಾನು ಓದಿದ ಮೊದಲ ಗೋಡೆ ಅದು. ಬಿಸಿಲಿಗೆಂದು ಕಪ್ಪು ಕನ್ನಡಕ ಹಾಕಿ ಕಳಿಸಿದರು. "ಮಾತ್ರೆ ತತ್ತೀನಿ, ಇಲ್ಲೇ ಕೂತಿರು, ಎದ್ದೋಗ್ಬೇಡ" ಎಂದು ಚಂದನಾ ನನ್ನನ್ನು ಮುಂಭಾಗದ ಬೆಂಚಿನ ಮೇಲೆ ಕೂರಿಸಿ ಹೋದಳು.

ಗೇಟಿನಾಚೆ ರಸ್ತೆ, ರಸ್ತೆಯಾಚೆ ಬೇವಿನ ಮರ. ಮರ ಎಂದರೆ ನನಗೆ ಒಂದು ಹಸಿರು ಮುದ್ದೆ. ಅವತ್ತು ಎಲೆ ಎಲೆಯಾಗಿ ಕಾಣುತ್ತಿತ್ತು. ಹೋಗುವ ಬಸ್ಸಿನ ಬೋರ್ಡು ಓದಿದೆ. ಕಬ್ಬಿನ ಟ್ರ್ಯಾಕ್ಟರೊಂದು ಸೋಗೆಯಿಂದ ರಸ್ತೆ ಗುಡಿಸುತ್ತ ಹೋಯಿತು. ಅದು ದಾಟಿದ ಮೇಲೆ ನೋಡಿದರೆ, ಮರದ ಕೆಳಗೆ ನೀವು.

ಚಂದನಾ ರಸ್ತೆ ದಾಟಿ ನಿಮ್ಮ ಹತ್ತಿರ ಬಂದಳು. ಮಾತ್ರೆ ಅಂಗಡಿ ಇದ್ದದ್ದು ಆಸ್ಪತ್ರೆಯ ಬದಿಯಲ್ಲೇ. ನೀವು ಅವಳನ್ನು ಏನೋ ಕೇಳಿದಿರಿ, ಅವಳು ತಲೆಯಾಡಿಸಿದಳು. ಆಮೇಲೆ ನೀವು ತಿರುಗಿ ನನ್ನನ್ನು ನೋಡಿದಿರಿ.

ನನ್ನ ಮುಖ ನಿಮ್ಮ ಕಡೆಗೇ ಇತ್ತು. ಆದರೂ ನೀವು ಮರೆಯಾಗಲಿಲ್ಲ. ಕನ್ನಡಕವಿಲ್ಲದ ಸುನಿತಾಳಿಗೆ ರಸ್ತೆಯಾಚೆ ನಿಂತ ಮನುಷ್ಯ ಬರೀ ಒಂದು ಅಂಗಿಯ ಬಣ್ಣ ಎಂಬುದು ನಿಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕೊಯ್ದ ಮಾರನೆಯ ದಿನವೇ ಕಣ್ಣು ಇಷ್ಟು ತಿಳಿಯಾಗುತ್ತದೆಂದು ನೀವಾದರೂ ಹೇಗೆ ಊಹಿಸಬೇಕು? ಆ ನಂಬಿಕೆಯ ಮೇಲೆ ನೀವು ಸುಮ್ಮನೆ ನಿಂತು ನೋಡುತ್ತಲೇ ಇದ್ದಿರಿ.

ಇದೇ ನಾನು ಹೇಳಬೇಕೆಂದಿದ್ದ ಮಾತು. ನನಗೆ ಎಲ್ಲವೂ ಕಾಣುತ್ತಿತ್ತು.

ನೀವು ಬಡವಾಗಿದ್ದೀರಿ. ಕತ್ತಿನ ಹತ್ತಿರ ಅಂಗಿ ದೊಗಲೆಯಾಗಿದೆ. ತಲೆಯ ಮುಂಭಾಗ ಪೂರ್ತಿ ಬೆಳ್ಳಗಾಗಿದೆ, ಅದು ನಿಮಗೆ ಒಪ್ಪುತ್ತದೆ. ಒಂದು ಸಲ ಕೈ ಅರ್ಧ ಮೇಲೆತ್ತಿ, ಮತ್ತೆ ಇಳಿಸಿ, ಅದೇ ಕೈಯಿಂದ ಕತ್ತು ಒರೆಸಿಕೊಂಡಿರಿ. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಮನುಷ್ಯರ ಮುಖ ಬೇರೆಯಾಗಿರುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ನೀವು ನನ್ನನ್ನು ಹಾಗೆ ನೋಡುತ್ತೀರೆಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ನೋಡಿದ ತಕ್ಷಣ ನೀವು ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಿರಿ.

ನಾನು ಕೈಯೆತ್ತಬಹುದಿತ್ತು. ಎದ್ದು ಗೇಟಿನ ತನಕ ಬರಬಹುದಿತ್ತು. ಬರಲಿಲ್ಲ, ಯಾಕೆಂದರೆ ನಾನು ಒಂದು ಬೆರಳು ಅಲುಗಿಸಿದರೂ ಆ ಮುಖ ಹೋಗಿಬಿಡುತ್ತಿತ್ತು. ಆಸೆ ತೀರಲಿ ಎಂದು ನೋಡುತ್ತ ಕೂತೆ. ತೀರಲಿಲ್ಲ. ಕಣ್ಣಲ್ಲಿ ನೀರು ಬರಬಾರದು ಎಂದಿದ್ದರು, ಬಂತು. ಒರೆಸಲೂ ಬಾರದು, ಉಜ್ಜಲೂ ಬಾರದು. ಕಪ್ಪು ಕನ್ನಡಕದ ಕೆಳಗೆ ಹಾಗೇ ಇಳಿಯಲು ಬಿಟ್ಟೆ.

ಚಂದನಾ ಎಳನೀರು ಹಿಡಿದುಕೊಂಡು ವಾಪಸ್ಸು ಬಂದಳು. ಅಲ್ಲಿ ಮಾರುತ್ತಿದ್ದರು, ತಗೊಂಡೆ ಎಂದಳು. ಗಂಜಿ ಇರುವ ಎಳನೀರು. ನನಗೆ ಗಂಜಿ ಬೇಕೆಂದು ಅವಳಿಗೆ ಎಂದೂ ನೆನಪಿರುವುದಿಲ್ಲ. ಅವಳು ಯಾಕೆ ಅಳುತ್ತಿದ್ದೀ ಎಂದಾಗ ಹನಿಯ ಉರಿ ಎಂದೆ. ತಾಯಿ ಮಗಳು ಇಬ್ಬರೂ ಒಂದೊಂದು ಸುಳ್ಳು ಹೇಳಿ ಆಟೋ ಹತ್ತಿದೆವು. ಹತ್ತುವ ಮೊದಲು ನೀವು ಆ ಆಟೋದವನ ಹತ್ತಿರ ಬಗ್ಗಿ ಮಾತಾಡಿ ಸರ್ರನೆ ಹಿಂದಕ್ಕೆ ಸರಿದದ್ದನ್ನೂ ಕಂಡೆ. ಅವನು ಬಸ್‌ಸ್ಟ್ಯಾಂಡಿಗೆ ಎತ್ತಿನ ಗಾಡಿಗಿಂತ ನಿಧಾನವಾಗಿ ಹೋದ. ಚಂದನಾ ಸಿಡುಕಿದಾಗ ಅವನು, "ನಾನೇನ್ ಮಾಡ್ಲವ್ವ, ಅದ್ಯಾರೋ ಅಣ್ಣ 'ಕಣ್ಣಾಪ್ರೇಸನ್ ಆಗ್ಯದೆ, ಅಳ್ಳದೊಳಕ್ಕೆ ಎತ್ತಾಕ್ಬುಟ್ಟೀಯೆ' ಅಂತ ಎಸ್ಟ್ ಸತಿ ಯೋಳುದ್ರು ಗೊತ್ತಾ?" ಎಂದ. ಚಂದನಾ ಆಚೆ ತಿರುಗಿಕೊಂಡಳು.

ಊರಿಗೆ ಬಂದು ಇಷ್ಟು ದಿನವಾಯಿತು. ಬರಿಗಣ್ಣಿನಲ್ಲಿ ಬಾಗಿಲಲ್ಲಿ ನಿಂತರೆ ರಸ್ತೆಯ ಕೊನೆಯಲ್ಲಿ ಬರುವವರು ಯಾರೆಂದು ತಿಳಿಯುತ್ತದೆ. ಕನ್ನಡಕ ಹುಡುಕುವ ತಾಪತ್ರಯ ಅರ್ಧ ಕಳೆದಂತೆಯೇ. ಎತ್ತಿಕೊಡುವವರ ನೆನಪು ಕಡಿಮೆಯಾಗುತ್ತದೆ ಎಂದು ಹಾಕಿದ ಲೆಕ್ಕ ಮಾತ್ರ ತಪ್ಪಿದೆ. ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಮಳವಳ್ಳಿ ಕಡೆಯಿಂದ ಬರುವ ಬಸ್ಸುಗಳು ನಿಲ್ಲುತ್ತವೆ. ಇಳಿಯುವವರನ್ನೆಲ್ಲ ನೋಡುತ್ತೇನೆ. ಮುಂಚೆ ಮಬ್ಬಿನಲ್ಲಿ ಯಾರು ಬೇಕಾದರೂ ನೀವಾಗಬಹುದಿತ್ತು. ಈಗ ಒಬ್ಬೊಬ್ಬರೂ ನೀವಲ್ಲ ಎಂಬುದು ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ.

ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ. ಬರವಣಿಗೆ ನಿಮಗೆ ಎಂದೂ ಒಗ್ಗಿದ್ದಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕತ್ತಿನ ಹತ್ತಿರ ಹಿಡಿಯುವ ಅಂಗಿ ಹೊಲಿಸಿಕೊಳ್ಳಿ.

ನಿಮ್ಮನ್ನು ಕಂಡವಳು,
ಸುನಿತಾ

ವಿ.ಸೂ.: ಎಡಗಣ್ಣಿನ ಆಪರೇಷನ್ ಮುಂದಿನ ಬುಧವಾರ. ಈ ಕಣ್ಣಿಗೂ ದೂರದ್ದೇ ಹಾಕಲೋ, ಹತ್ತಿರದ್ದು ಹಾಕಲೋ ಎಂದು ಡಾಕ್ಟರಮ್ಮ ಕೇಳಿದರು. ಹತ್ತಿರದ್ದು ಎಂದರೆ ಹಳೆಯ ಅರ್ಧ ಗೇಣಿನ ನೋಟವಲ್ಲ, ಅದು ಇನ್ನು ಸಿಗುವುದಿಲ್ಲವಂತೆ. ತಟ್ಟೆಯಲ್ಲಿರುವ ಅನ್ನ, ಕೈಯಲ್ಲಿರುವ ಪುಸ್ತಕ, ಪಕ್ಕದಲ್ಲಿ ಕೂತವರ ಮುಖ, ಇಷ್ಟು ಕನ್ನಡಕವಿಲ್ಲದೆ ಕಾಣುತ್ತದಂತೆ. ಹತ್ತಿರದ್ದೇ ಹಾಕಿ ಎಂದಿದ್ದೇನೆ. ಅವತ್ತು ಜೊತೆಗೆ ಒಬ್ಬರು ಇರಲೇಬೇಕು ಎಂದಿದ್ದಾರೆ. ಚಂದನಾಳಿಗೆ ರಜೆ ಹಾಕಬೇಡ ಎಂದು ನಾನೇ ಹೇಳಿದ್ದೇನೆ.