ಕೀಲಿಕೈ ಯಾರ ಹತ್ತಿರ?

ತಾರ್ನಾಕ, ಹೈದರಾಬಾದ್
೧೯ ಫೆಬ್ರವರಿ ೨೦೨೫, ಬುಧವಾರ

ಚಿ. ಸೌ. ಪ್ರಿಯಂವದಾಳಿಗೆ,

ನಿನ್ನ ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ಇಲ್ಲಿ ನಾನು, ನಿಮ್ಮ ಅಪ್ಪ, ನಿನ್ನ ಮಗಳು ಧನಾ ಮೂವರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮ ಅಪ್ಪನ ಮೊಣಕಾಲು ಪೇಪರ್ ತರಲು ಹೋಗುವಾಗ ನೋಯುವುದಿಲ್ಲ, ಕಾಯಿಪಲ್ಯ ತಾ ಎಂದರೆ ಮಾತ್ರ ನೋಯುತ್ತದೆ. ನೀನು ಫೋನಿನಲ್ಲಿ ಸಿಟ್ಟು ಮಾಡಿ ಇಂದಿಗೆ ಹದಿಮೂರು ದಿನ. ಅಂದೇ ಉತ್ತರ ಬರೆಯಬೇಕಿತ್ತು. ಮೂರು ಸಲ ಕೂತೆ, ಮೂರು ಸಲ ಹರಿದು ಹಾಕಿದೆ. ತಪ್ಪಾಯಿತು. ಫೋನ್ ಯಾಕೆ ಮಾಡಲಿಲ್ಲ ಎಂದರೆ, ಫೋನನ್ನು ನೀನು ನಡುವೆಯೇ ಕಟ್ ಮಾಡುತ್ತೀ. ಪತ್ರವನ್ನಾದರೆ ಸಿಟ್ಟಿಗೆ ಮೂಲೆಗೆ ಒಗೆದರೂ ಊಟವಾದ ಮೇಲೆ ಎತ್ತಿಕೊಂಡು ಓದುತ್ತೀ. ನನ್ನ ಮಗಳು ನನಗೆ ಗೊತ್ತಿಲ್ಲವೇ?

ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಮಾರ್ಚ್ ಎರಡಕ್ಕ, ಐತ್ವಾರ ಬರ್ತೀನಿ. ಧನಾನ ಬಟ್ಟಿಬರಿ ಕಟ್ಟಿ ಇಡು. ಓದ್ಲಿಕ್ಕಂತ ನಿನ್ನ ಹತ್ರ ಬಿಟ್ರ ಸರ್ಕಾರದ ಉಸಾಬರಿ ಮಾಡ್ಲಿಕ್ಕತ್ಯಾಳ. ಪೇಪರಿನಾಗ ಫೋಟೋ ಬಂದದ, ಆಫೀಸರಗ ಬೊಟ್ಟು ಮಾಡಿ ಮಾತಾಡೋದು! ನಮ್ಮ ಅತ್ತಿಯವರು ಅದನ್ನ ಓಣಿ ತುಂಬ ತೋರಿಸ್ಯಾರ. ಪರೀಕ್ಷಾ ಮನ್ಯಾಗಿಂದನ ಬರೀಲಿ, ಸಿಂಧನೂರಿನವರು ಹೆಣ್ಣು ನೋಡ್ಲಿಕ್ಕೆ ಬರ್ತೀವಿ ಅಂದಾರ."

ಆ ಪೇಪರು ಮನೆಯಲ್ಲಿದ್ದರೆ ಇನ್ನೊಮ್ಮೆ ತೆಗೆದು ನೋಡು. ಧನಶ್ರೀಯ ಭುಜದ ಹಿಂದೆ ಅರ್ಧ ತುರುಬು, ಒಂದು ಕಿವಿ ಕಾಣುತ್ತದಲ್ಲ, ಅದು ನಾನು. ಉಸಾಬರಿ ಅವಳೊಬ್ಬಳದಲ್ಲ, ತಾಯಿ. ಬೈಯುವುದಿದ್ದರೆ ಇಬ್ಬರಿಗೂ ಸರಿಯಾಗಿ ಹಂಚಿ ಬೈಯಿ. ಆದರೆ ನಡೆದದ್ದೇನು ಎಂದು ಮೊದಲು ಕೇಳು.

ಹೋದ ಆಗಸ್ಟಿನಲ್ಲಿ ನಾನು ನಿವೃತ್ತಳಾದ ಶಿಕ್ಷಣ ಇಲಾಖೆಯವರು ಕಾಲೇಜುಗಳ ಸೌಲಭ್ಯದ ಬಗ್ಗೆ ಹೊಸ ನಿಯಮಗಳ ಕರಡು ಹೊರಡಿಸಿದರು. ಜನ ಎರಡು ತಿಂಗಳೊಳಗೆ ಅಭಿಪ್ರಾಯ ಹೇಳಬಹುದು ಎಂದು ಕೆಳಗೆ ಒಂದು ಸಾಲು. ನಮ್ಮ ಕಾಲದಲ್ಲಿ ಇಂಥದಕ್ಕೆ ಬರುತ್ತಿದ್ದ ಅಭಿಪ್ರಾಯ ಒಂದೇ, ಅದೂ ಅಚ್ಚಿನ ತಪ್ಪು ಹುಡುಕುವ ಯಾರೋ ನಿವೃತ್ತ ಮಾಸ್ತರರದು. ಈ ಸಲ ಮಾತ್ರ ನಮ್ಮ ಪಡಸಾಲೆಯಲ್ಲಿ ಬೇರೆ ಬೇರೆ ಕಾಲೇಜಿನ ಎಂಟು ಮಕ್ಕಳು ಆ ಕರಡನ್ನು ನೆಲದ ಮೇಲೆ ಹರವಿಕೊಂಡು ಕೂತರು. ನಾನು ಮೆಂತ್ಯ ಸೋಸುತ್ತಿರುವವಳ ಹಾಗೆ ನಟಿಸುತ್ತ ಕಿವಿಯನ್ನೆಲ್ಲ ಅಲ್ಲೇ ಇಟ್ಟಿದ್ದೆ. ಅದರಲ್ಲಿ ಕಾಲೇಜಿನವರು ಮೂರು ತಿಂಗಳಿಗೊಮ್ಮೆ ತುಂಬಬೇಕಾದ ಒಂದು ನಮೂನೆ ಇತ್ತು. ನಚಿಕೇತ ಗಟ್ಟಿಯಾಗಿ ಓದಿದ: "ವಿದ್ಯಾರ್ಥಿನಿಯರಿಗೆ ಶೌಚಾಲಯ ಇದೆಯೇ? ಹೌದು, ಇಲ್ಲ." ನಾರಾಯಣಗೂಡದಿಂದ ಬರುವ ಕಾನೂನು ಓದುವ ಹುಡುಗ ಇವನು, ಚಹಾದ ಕಪ್ಪು ತಾನೇ ತೊಳೆದಿಡುತ್ತಾನೆ. ನನಗೆ ನಗು ತಡೆಯಲಾಗಲಿಲ್ಲ.

"ಯಾಕ್ರಿ ಅಜ್ಜಿ, ನಗ್ತೀರಿ?" ಎಂದ.

"ಇದಕ್ಕ 'ಇಲ್ಲ' ಅಂತ ಬರೆದ ಕಾಲೇಜು ನಾ ಮೂವತ್ನಾಲ್ಕು ವರ್ಷದ ನೌಕರಿಯೊಳಗ ಒಂದೂ ನೋಡಿಲ್ಲಪಾ. ನಾಕು ಗ್ವಾಡಿ ಇದ್ರೂ ಹೌದು. ಬಾಗಲಾ ಇದ್ರೂ ಹೌದು. ಬಾಗಲಕ್ಕ ವರ್ಷಾನುಗಟ್ಲೆ ಕೀಲಿ ಬಿದ್ದಿದ್ರೂ ಹೌದು."

"ಹಂಗಾರ ಏನಂತ ಕೇಳಬೇಕ್ರಿ?"

"ಕೀಲಿಕೈ ಯಾರ ಹತ್ರ ಅದ ಅಂತ ಕೇಳ್ರಿ."

ಎಂಟೂ ಮಕ್ಕಳು ನನ್ನ ಮುಖ ನೋಡಿದರು. ಆಮೇಲೆ ಧನಾ ಎದ್ದು ಬಂದು ಮೆಂತ್ಯದ ಸೊಪ್ಪಿನ ಸಮೇತ ನನ್ನನ್ನು ತಬ್ಬಿಕೊಂಡಳು. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾಯಿತು ಪ್ರಿಯಾ, ನನಗೆ ಗೊತ್ತಿದ್ದದ್ದು ಯಾರಿಗಾದರೂ ಬೇಕಾದದ್ದು ಅಂದೇ ಮೊದಲು. ಅಷ್ಟು ಸಂತೋಷವಾಯಿತು, ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ.

ಐದು ವಾರ ತಿರುಗಿ ನಲವತ್ತಮೂರು ಕಾಲೇಜು ನೋಡಿದರು. ಬರೀ ಕ್ಲಾಸ್ ಮುಗಿದ ಮೇಲೆ ಮತ್ತು ಶನಿವಾರ, ಆ ಷರತ್ತು ನಾನೇ ಹಾಕಿದ್ದೆ. ಹೋದ ಸೆಮಿಸ್ಟರಿನಲ್ಲಿ ಧನಾಗೆ ನೂರಕ್ಕೆ ಎಂಬತ್ತೊಂದು ಬಂದಿದೆ, ಅದನ್ನೂ ಅತ್ತೆಯವರಿಗೆ ತೋರಿಸು. ಹಿಂದಿನ ವರ್ಷದ ಕಾಗದದಲ್ಲಿ ನಲವತ್ತಮೂರೂ ಕಾಲೇಜಿನವರು 'ಹೌದು' ಎಂದೇ ಬರೆದಿದ್ದರು. ಮಕ್ಕಳು ಹೋಗಿ ಕೇಳಿದರೆ ಹತ್ತೊಂಬತ್ತರಲ್ಲಿ ಬೀಗ. ಕೀಲಿಕೈ ಒಂದು ಕಡೆ ಪ್ರಿನ್ಸಿಪಾಲರ ಡ್ರಾಯರಿನಲ್ಲಿ, ಇನ್ನೊಂದು ಕಡೆ ಲ್ಯಾಬಿನವರ ಜೇಬಿನಲ್ಲಿ, ಒಂದು ಕಡೆಯಂತೂ ರಜೆಯ ಮೇಲೆ ಊರಿಗೆ ಹೋದವರ ಜೊತೆ.

ಹನ್ನೊಂದು ಕಾಲೇಜಿಗೆ ನಾನೂ ಹೋಗಿದ್ದೆ. ನಗಬೇಡ. ಮಕ್ಕಳು ಕೇಳಿದರೆ ನಾಳೆ ಬನ್ನಿ ಎಂದು ತೆಲುಗಿನಲ್ಲಿ ಹೇಳಿ ಸಾಗಹಾಕುತ್ತಿದ್ದರು, ಮುದುಕಿಗೆ ಹಾಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಒಂದು ಕಾಲೇಜಿನಲ್ಲಿ ಬಾಗಿಲು ಕಾಯುವವನು ಬಂಡೆಪ್ಪ ಎಂದು, ಬೀದರ ಕಡೆಯವನು. ಕನ್ನಡ ಕೇಳಿದ ಕೂಡಲೇ ಮುಖ ಅರಳಿತು, ನನ್ನ ಬೇಡಿಕೆ ಕೇಳಿದ ಕೂಡಲೇ ಬಾಡಿತು.

"ಕೀಲಿಕೈ ದೊಡ್ಡ ಮೇಡಮ್ಮೋರ ಕಡೆ ಐತ್ರಿ ಅವ್ವಾರ. ಅವರು ಮೀಟಿಂಗಿಗೆ ಹೋಗ್ಯಾರ."

"ಆಗಲಿಪಾ. ನಂಗ ಸಕ್ಕರಿ ಬ್ಯಾನಿ ಅದ. ನಾ ಇಲ್ಲೇ ಮೆಟ್ಟಲ ಮ್ಯಾಲ ಕೂಡ್ತೀನಿ. ಮುಂದ ಏನಾಗ್ತದೋ ನೀನ ನೋಡ್ಕೋ."

ಚಪ್ಪಲಿ ಅಲ್ಲೇ ಬಿಟ್ಟು ಓಡಿದ! ಐದು ನಿಮಿಷಕ್ಕೆ ಕೀಲಿಕೈ ಬಂತು. ಬಾಗಿಲು ತೆಗೆದರೆ ಒಳಗೆ ಮುರಿದ ಬೆಂಚುಗಳು, ಹಳೆಯ ಬ್ಯಾನರುಗಳು, ಒಂದು ಹಾರ್ಮೋನಿಯಂ. ಧನಾ, ಕಾಚಿಗೂಡದ ಸಪ್ನಾ ಎಂಬ ಅವಳ ಗೆಳತಿ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಬಂಡೆಪ್ಪ ನಗಲಿಲ್ಲ. "ನನ್ನ ಮಗಳೂ ಇಲ್ಲೇ ಓದ್ತಾಳ್ರಿ. ಮುಂಜಾನಿ ನೀರ ಕುಡಿಯೋದ ಬಿಟ್ಟಾಳ" ಎಂದ. ಮಕ್ಕಳು ತಂದಿದ್ದ ಕಾಗದದ ಮೇಲೆ ಸಾಕ್ಷಿ ಎಂದು ತಾನೇ ಕೇಳಿ ಸಹಿ ಮಾಡಿದ. ನೌಕರಿಗೆ ಕುತ್ತು ಬಂದೀತು ಎಂದು ನಾನು ಎಚ್ಚರಿಸಿದರೂ ಕೇಳಲಿಲ್ಲ.

ಜನವರಿ ಇಪ್ಪತ್ತೆಂಟಕ್ಕೆ ಅಹವಾಲು ಕೇಳುವ ಸಭೆ. ದೊಡ್ಡ ಹಾಲ್, ಮೇಲೆ ಐವರು ಅಧಿಕಾರಿಗಳು. ಧನಾ ಎದ್ದು ನಲವತ್ತಮೂರು ಕಾಲೇಜಿನ ಲೆಕ್ಕ ಒಪ್ಪಿಸಿದಳು, ತೆಲುಗಿನಲ್ಲಿ, ಎಲ್ಲೂ ತಡವರಿಸದೆ. ನಡುವೆ ಕೂತಿದ್ದ ದೊಡ್ಡ ಸಾಹೇಬರು ಅಂದರು: ಪ್ರತಿ ಕಾಲೇಜಿಗೂ ನಮ್ಮ ತಪಾಸಣೆಯವರು ಖುದ್ದಾಗಿ ಹೋಗಿ ಸಹಿ ಮಾಡಿದ್ದಾರೆ, ಹುಡುಗರ ಮಾತು ನಂಬಬೇಕೋ, ಅಧಿಕಾರಿಗಳ ಸಹಿ ನಂಬಬೇಕೋ? ಧನಾ ಬೊಟ್ಟು ಮಾಡಿದ್ದು ಆಗ. ಅದೂ ಸಾಹೇಬರ ಕಡೆಗಲ್ಲ, ಅವರ ಮುಂದಿದ್ದ ಕಾಗದದ ಕಡೆಗೆ. ಪೇಪರಿನವರಿಗೆ ಅದು ಹೇಗೆ ಕಾಣಬೇಕೋ ಹಾಗೆ ಕಂಡಿತು.

ಮಗುವಿನ ದನಿ ಸಣ್ಣಗಾದದ್ದು ಕೇಳಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ನನ್ನ ಹರಕುಮುರುಕು ತೆಲುಗಿನಲ್ಲಿ ಹೇಳಿದೆ: ಸಾಹೇಬರೇ, ಆ ಸಹಿ ಮಾಡುವವರಲ್ಲಿ ನಾನೂ ಒಬ್ಬಳಿದ್ದೆ. ಖುದ್ದಾಗಿ ಹೋಗುತ್ತಿದ್ದೆವು, ನಿಜ. ಪ್ರಿನ್ಸಿಪಾಲರ ಕೋಣೆಯವರೆಗೆ. ಚಹಾ ಬರುತ್ತಿತ್ತು, ಉಸ್ಮಾನಿಯಾ ಬಿಸ್ಕೀಟು ಬರುತ್ತಿತ್ತು, ಅವರು 'ಇದೆ' ಅನ್ನುತ್ತಿದ್ದರು, ನಾವು ಬಿಸ್ಕೀಟಿನ ಪುಡಿ ಝಾಡಿಸಿ ಸಹಿ ಮಾಡುತ್ತಿದ್ದೆವು. ಬಾಗಿಲು ತಳ್ಳಿ ನೋಡಿದವರು ನನಗೆ ಗೊತ್ತಿದ್ದಂತೆ ಯಾರೂ ಇಲ್ಲ. ಈ ಮಕ್ಕಳು ತಳ್ಳಿ ನೋಡಿದ್ದಾರೆ.

ಹಾಲ್ ತುಂಬ ನಗು. ಐವರಲ್ಲಿ ಮೂವರು ಅಧಿಕಾರಿಗಳೂ ನಕ್ಕರು, ಅವರಿಗೂ ಆ ಬಿಸ್ಕೀಟಿನ ರುಚಿ ಗೊತ್ತಿರಬೇಕು. ದೊಡ್ಡ ಸಾಹೇಬರು ಮಾತ್ರ ಕನ್ನಡಕ ತೆಗೆದಿಟ್ಟು ಏನೋ ಬರೆದುಕೊಂಡರು. ನಿಮ್ಮ ಅಪ್ಪ ಹಿಂದಿನ ಸಾಲಿನಿಂದ ನನ್ನ ಮಾತನ್ನೆಲ್ಲ ವಿಡಿಯೋ ಮಾಡಿದೆ ಎಂದರು. ಮನೆಗೆ ಬಂದು ನೋಡಿದರೆ ಪೂರ್ತಿ ಅವರ ಹೆಬ್ಬೆರಳೇ.

ಈಗ ಸಿಹಿ ಸುದ್ದಿ. ಫೆಬ್ರವರಿ ಹತ್ತಕ್ಕೆ ಆದೇಶ ಹೊರಬಿತ್ತು. 'ಇದೆಯೇ' ಎಂಬ ಪ್ರಶ್ನೆ ಹೋಯಿತು. ಬಾಗಿಲು ತೆರೆದಿದೆಯೇ, ನೀರು ಬರುತ್ತದೆಯೇ, ಕೀಲಿಕೈ ಯಾರ ಹತ್ತಿರ ಇದೆ, ಎಂದು ಮೂರು ಪ್ರಶ್ನೆ ಬಂದವು. ಕೆಳಗೆ ಇಬ್ಬರು ವಿದ್ಯಾರ್ಥಿನಿಯರ ಸಹಿ ಇಲ್ಲದೆ ಕಾಗದ ಊರ್ಜಿತವಲ್ಲ. ನನ್ನ ಪ್ರಶ್ನೆ, ಪ್ರಿಯಾ, ಸರ್ಕಾರದ ಮುದ್ರೆಯ ಕೆಳಗೆ! ಸಪ್ನಾಳ ಅಪ್ಪ ದೊಡ್ಡ ಡಬ್ಬಿ ತುಂಬ ಜಿಲೇಬಿ ಕಳಿಸಿದರು. ಮಕ್ಕಳು ಕುಣಿದ ಕುಣಿತಕ್ಕೆ ಕೆಳಗಿನ ಮನೆಯ ಸುಂದರಾಬಾಯಿ ಭೂಕಂಪವೋ ಎಂದು ಮೇಲೆ ಬಂದವರು, ಸುದ್ದಿ ಕೇಳಿ ತಾವೂ ಎರಡು ಹೆಜ್ಜೆ ಹಾಕಿ, ಆಮೇಲೆ ಸೊಂಟ ಹಿಡಿದುಕೊಂಡು ಕೂತರು.

ಆದೇಶ ಬಂದರೆ ಸಾಲದು, ನಡೆಯುತ್ತದೆಯೋ ಇಲ್ಲವೋ ನೋಡಬೇಕಲ್ಲ. ಅದಕ್ಕೆ ಒಂದು ವರ್ಷ ಆರು ಜನ ಯುವಕ ಯುವತಿಯರನ್ನು ನೇಮಿಸಿದ್ದಾರೆ. ಧನಾ ಅವರಲ್ಲಿ ಒಬ್ಬಳು. ಮೊದಲ ಸುತ್ತು ಮಾರ್ಚ್ ಮೂರಕ್ಕೆ, ಸೋಮವಾರ. ನೀನು ಎರಡಕ್ಕೆ ಬಂದು ಕರೆದುಕೊಂಡು ಹೋದರೆ ಅವಳ ಜಾಗ ಖಾಲಿ, ಓದೂ ಅಲ್ಲಿಗೇ ನಿಂತಿತು. ಮನೆಯಿಂದ ಪರೀಕ್ಷೆ ಬರೆಯುವುದು ಎಂಬುದು ಎಲ್ಲಿಗೆ ಮುಟ್ಟುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅವಳು ಹಟ ಮಾಡಿಲ್ಲ. "ಅಮ್ಮ ಕರೆದ್ರ ಹೋಗ್ತೀನಿ ಅಜ್ಜಿ" ಎಂದು ಸೂಟ್‌ಕೇಸು ಕೆಳಗಿಳಿಸಿ ಒರೆಸಿ ಇಟ್ಟಿದ್ದಾಳೆ. ನಾನು ಅದನ್ನು ಮಂಚದ ಕೆಳಗೆ ತಳ್ಳಿಟ್ಟಿದ್ದೇನೆ. ಆ ಹುಡುಗಿಯನ್ನು ಬಿಡು, ಇಲ್ಲೇ ಇರಲಿ. ಸಿಂಧನೂರಿನವರು ಒಳ್ಳೆಯವರಾದರೆ ಎರಡು ವರ್ಷ ಕಾಯುತ್ತಾರೆ.

ಅಳಿಯಂದಿರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ. ಸುಶಾಂತನಿಗೆ ತಂಗಿಯ ಸುದ್ದಿ ಹೇಳು, ಅಣ್ಣನಾದವನು ಹಿಗ್ಗಲಿ. ನಿನ್ನ ಮನೆ ತಣ್ಣಗಿರಲಿ, ನಿನ್ನ ಕೈಯಿಂದ ಆಗುವುದೆಲ್ಲ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ,
ಕೃಷ್ಣಾಬಾಯಿ

ತಾ. ಕ.: ಮೇಲಿನದನ್ನು ಬರೆದು ಲಕೋಟೆಗೆ ಹಾಕಿ, ಮತ್ತೆ ತೆಗೆದಿದ್ದೇನೆ. ಮೂರು ಸಲ ಹರಿದದ್ದೂ ಇದನ್ನು ಬರೆಯಲಾಗದೆ.

ಈ 'ಹೌದು' ಎಷ್ಟು ವರ್ಷದಿಂದ ನಡೆದು ಬಂದಿದೆ ಎಂದು ನೋಡಲು ನಚಿಕೇತ ಮಾಹಿತಿ ಹಕ್ಕಿನಲ್ಲಿ ಹಳೆಯ ಕಾಗದಗಳ ಪ್ರತಿ ಕೇಳಿದ್ದ. ಹೋದ ಗುರುವಾರ ಕಟ್ಟು ಬಂತು. ಹಾಳೆ ತಿರುವುತ್ತಿದ್ದ ಧನಾ ಒಂದು ಕಡೆ ನಿಂತಳು. ನಿನ್ನ ಕಾಲೇಜು, ೧೯೯೭ನೆಯ ಇಸವಿ. 'ಹೌದು' ಎಂಬುದರ ಮೇಲೆ ಗುರುತು, ಕೆಳಗೆ ನನ್ನ ಸಹಿ.

ನೋಡಿ ನೆನಪಿಸಿಕೊಳ್ಳಬೇಕಾಗಿರಲಿಲ್ಲ, ನಾನು ಎಂದೂ ಮರೆತಿರಲಿಲ್ಲ. ನೀನಾಗ ಬಿ.ಎಸ್ಸಿ. ಎರಡನೆಯ ವರ್ಷ. ಅದಕ್ಕೆ ಒಂದು ವಾರ ಮೊದಲು ನೀನು ನನಗೆ ಹೇಳಿದ್ದೆ: "ಅಮ್ಮಾ, ಕಾಲೇಜಿನಾಗ ಹೋಗ್ಲಿಕ್ಕೆ ಜಾಗಾನ ಇಲ್ಲ, ಕೀಲಿ ಹಾಕಿರ್ತಾರ." ನಾನು ಏನಂದೆ? "ನಮ್ಮ ಆಫೀಸಿನಾಗ ಏನು ಅರಮನಿ ಕಟ್ಟಿಸ್ಯಾರೇನು? ಮುಂಜಾನೆ ನೀರು ಕುಡೀಬ್ಯಾಡ." ಅಷ್ಟು ಗೊತ್ತಿದ್ದೂ ಸಹಿ ಮಾಡಿದೆ. ನಾನೇ ಜಗಳ ತೆಗೆದರೆ ಪ್ರಿನ್ಸಿಪಾಲರು ಏನಂದುಕೊಂಡಾರು ಎಂಬ ಸಂಕೋಚ ನನಗೆ. ಆ ವರ್ಷ ನಿನಗೆ ನಾಲ್ಕು ಸಲ ಉರಿಮೂತ್ರ, ಜ್ವರ. ಐದನೆಯ ಸಲಕ್ಕೆ ನೀನು ಕಾಲೇಜಿಗೆ ಹೋಗುವುದನ್ನೇ ಬಿಟ್ಟೆ. ನಿನ್ನನ್ನು ನೋಡಲು ಬಂದ ನಿಮ್ಮ ಅತ್ತೆಯವರ ಮುಂದೆ ನಾನು ನಗುತ್ತ ಅಂದೆ: "ಮನಿಕೆಲಸದಾಗ ಶ್ಯಾಣ್ಯಾ ಇದ್ದಾಳ್ರಿ, ಓದೊಂದು ತಲಿಗೆ ಹತ್ತಲಿಲ್ಲ." ಅವರು ಇಂದಿಗೂ ಮಕ್ಕಳೆದುರು ನಿನಗೆ ಅದೇ ಮಾತು ಅನ್ನುತ್ತಾರೆ ಎಂದು ಧನಾ ಹೇಳಿದಳು. ಅದು ಅವರ ಮಾತಲ್ಲ ಪ್ರಿಯಾ, ನಾನು ಕೊಟ್ಟು ಕಳಿಸಿದ ಮಾತು. ಸಭೆಯಲ್ಲಿ ಎಲ್ಲರನ್ನೂ ನಗಿಸಿ ಕೂತೆನಲ್ಲ, ಈ ಒಂದು ಕಾಲೇಜನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ.

ಧನಾಗೆ ಎಲ್ಲ ಹೇಳಿದೆ. "ಈ ಹಾಳಿ ತಗದು ಬಿಡ್ಲೇನು ಅಜ್ಜಿ?" ಎಂದಳು. ಬೇಡ, ಉಳಿದವರ ಜೊತೆಗೇ ಇರಲಿ ಎಂದೆ. ಹಾಳೆಯನ್ನು ಕಟ್ಟಿನೊಳಗೆ ಸೇರಿಸಿ, "ಅಮ್ಮಗ ಹೇಳೀಯೇನು?" ಎಂದಳು.

ಎರಡನೆಯ ತಾರೀಖು ನೀನು ಬರಬೇಡ, ನಾನೇ ಬರುತ್ತೇನೆ. ಕಾಚಿಗೂಡದಿಂದ ರೈಲಿನ ಟಿಕೇಟು ತೆಗೆಸಿದ್ದಾಗಿದೆ. ಧನಾಳನ್ನು ಇಲ್ಲಿ ಬಿಡುವುದೋ ಕರೆಸಿಕೊಳ್ಳುವುದೋ ಆಮೇಲೆ ನೀನು ಹೇಳಿದಂತೆ. ನಾನು ಬರುವುದು ನಿಮ್ಮ ಅತ್ತೆಯವರ ಎದುರು ಕೂತು, ಅಂದು ನಾನು ಆಡಿದ್ದು ಸುಳ್ಳು ಎಂದು ಹೇಳುವುದಕ್ಕೆ. ಹೇಳುವಾಗ ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡಬೇಡ, ಅಲ್ಲೇ ಕೂತಿರು.