ಎಡಗೈ ಏಳದ ದಿನಗಳು

ಜನವರಿ 16, ಬೆಳಿಗ್ಗೆ 7
ಕಾಲರ್ ಬಿಚ್ಚಿ, ಕತ್ತು ಒರೆಸಿ, ಮತ್ತೆ ಬಿಗಿದದ್ದಾಯಿತು. ಆಪರೇಷನ್ ಆಗಿ ನಾಲ್ಕನೇ ದಿನ. ನಿನ್ನೆ ಸಂಜೆ ಹಾಸನದಿಂದ ಅರಸೀಕೆರೆಗೆ ಬಂದೆವು. ರಸ್ತೆಯ ಒಂದೊಂದು ಉಬ್ಬಿಗೂ ಕಣ್ಣು ಮುಚ್ಚಿದೆ.
ಕತ್ತಿನ ಮೂಳೆ ಸವೆದು ಒಳಗಿನ ನರದ ಹುರಿಯನ್ನು ಒತ್ತುತ್ತಿತ್ತಂತೆ. ಹಿಂದಿನಿಂದ ಕೊಯ್ದು ಜಾಗ ಮಾಡಿದ್ದಾರೆ. "ಇನ್ನು ಕೆಡೋದು ನಿಲ್ಲುತ್ತಮ್ಮ. ಹೋಗಿರೋದೆಲ್ಲ ವಾಪಸ್ ಬರುತ್ತೆ ಅಂತ ಹೇಳಲಾರೆ" ಎಂದರು ಡಾಕ್ಟರ್.
ಎರಡು ವರ್ಷ ಗಿರಾಕಿಗಳ ಬ್ಲೌಸಿಗೆ ಹುಕ್ಕು ಹೊಲಿಯಲಾಗದೆ ಕನ್ನಡಕವನ್ನು ಬೈದೆ. ಬೆರಳು ಸತ್ತಂತಾಗಿವೆ ಎಂದು ಯಾರಿಗೂ ಹೇಳಲಿಲ್ಲ. ಬಚ್ಚಲಲ್ಲಿ ಬಿದ್ದ ಮೇಲೆ ಎಲ್ಲರಿಗೂ ಗೊತ್ತಾಯಿತು.

ಜನವರಿ 17, ಮಧ್ಯಾಹ್ನ
ಎಡಗೈ ಏಳುತ್ತಿಲ್ಲ.
ತಲೆ ಬಾಚಲು ಹೋದೆ — ಭುಜ ಅಲ್ಲೇ. ಬೆರಳು ಆಡುತ್ತವೆ. ನೋವಿಲ್ಲ. ನೋವಿಲ್ಲದ್ದೇ ಹೆದರಿಕೆ. ನಿನ್ನೆ ಏಳುತ್ತಿತ್ತಲ್ಲ...
ಯಜಮಾನರ ಅಕ್ಕ ಕಮಲಾಕ್ಷಮ್ಮ ನನ್ನನ್ನು ನೋಡಿಕೊಳ್ಳಲು ಕಣಕಟ್ಟೆಯಿಂದ ಬಂದಿದ್ದಾರೆ. ಬಾಚಣಿಗೆ ಕಿತ್ತುಕೊಂಡರು. "ನಾ ಬಾಚ್ತೀನಿ, ಕೂತ್ಕಳೇ. ಅದೇನ್ ಅವಸರ ಐತೆ ನಿಂಗೆ? ನನ್ ತಮ್ಮ ಕಲ್ಲೇಶ ನೋಡುದ್ರೆ ನಂಗೆ ಬೈತಾನೆ."
ಅವರಿಗೆ ತಿಳಿಯಲಿಲ್ಲ. ಬದುಕಿದೆ.

ಜನವರಿ 18
ಬಲಗೈಯಿಂದ ಎಡಗೈ ಎತ್ತಿ ಸೆರಗಿನೊಳಗೆ ಇಟ್ಟುಕೊಂಡೆ. ನೆನೆದ ಕಂಬಳಿಯ ಭಾರ. ಹೇಳಿದರೆ ಮತ್ತೆ ಕೊಯ್ಯುತ್ತಾರೆ. ಮತ್ತೆ ಆ ಚಳಿಯ ರೂಮು, ಆ ಮಾಸ್ಕು. ಹೇಳದಿದ್ದರೆ ನಾಳೆ ಬಲಗೈ... ಆಮೇಲೆ ಕಾಲು...

ಜನವರಿ 19, ಸಂಜೆ
ಹೇಳಿಬಿಟ್ಟೆ. ಇವರು ಕಾಲರಿನ ಪಟ್ಟಿ ಹಾಕುತ್ತಿದ್ದರು.
"ರೀ, ಎಡಗೈ ಏಳ್ತಿಲ್ಲ. ಮೂರು ದಿನ ಆಯ್ತು."
ಅವರ ಕೈ ನಿಂತಿತು. "ಮತ್ತೆ ಮುಚ್ಚಿಟ್ಯಾ, ದ್ರಾಕ್ಷಾಯಣಿ?"
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಂಚದ ತುದಿಯಲ್ಲಿ ಕೂತು ಅತ್ತರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಇವರು ಅತ್ತದ್ದು ನೋಡಿರಲಿಲ್ಲ.

ಜನವರಿ 20
ಹಾಸನ. ಮತ್ತೆ ಸ್ಕ್ಯಾನು. ಡಬ್ಬದೊಳಗೆ ಮಲಗಿ ನೂರರಿಂದ ಹಿಂದಕ್ಕೆ ಎಣಿಸಿದೆ. ನಡುವೆ ತಪ್ಪಿತು.
"ಹುರಿ ಚೆನ್ನಾಗಿದೆ. ಭುಜಕ್ಕೆ ಹೋಗೋ ನರ ಸೋತಿದೆ. ಈ ಆಪರೇಷನ್ ಆದ ಕೆಲವರಿಗೆ ಹೀಗಾಗುತ್ತೆ. ಬಹಳ ಜನಕ್ಕೆ ಕೆಲವು ತಿಂಗಳಾದ ಮೇಲೆ ಸರಿಹೋಗುತ್ತೆ" ಎಂದರು ಡಾಕ್ಟರ್.
ಮತ್ತೆ ಕೊಯ್ಯುವುದಿಲ್ಲ. ಆದರೆ "ಬಹಳ ಜನ"ದಲ್ಲಿ ನಾನಿದ್ದೇನೆಯೇ?

ಏಪ್ರಿಲ್ 9, ಸಂಜೆ 5
ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ದಿನಾ ಫಿಸಿಯೋ. ಗೋಡೆಯ ಮೇಲೆ ಬೆರಳು ಹತ್ತಿಸುವುದು, ಜಾರುವುದು. ಕಮಲಾಕ್ಷಮ್ಮ ಅತ್ತಿಗೆ ಊರಿಗೆ ಹೋಗಿ ತಿಂಗಳಾಯಿತು.
ಈಗ ಕುರ್ಚಿಯಲ್ಲಿ ಕೂತಿದ್ದಾಗ ಕೈ ಎದೆಯ ಮಟ್ಟಕ್ಕೆ ಬಂತು. ನಡುಗುತ್ತ. ತಾನೇ. ಮನೆಯಲ್ಲಿ ಯಾರೂ ಇಲ್ಲ.
ಇನ್ನೊಮ್ಮೆ ಎತ್ತಲು ಧೈರ್ಯವಿಲ್ಲ. ಏಳದೇ ಹೋದರೆ? ಇಲ್ಲಿಗೇ ನಿಂತರೆ?
ಇವರ ಸ್ಕೂಟರ್ ಗೇಟಿನ ಹತ್ತಿರ ಬಂತು. "ರೀ, ಬೇಗ ಬನ್ನಿ ಇಲ್ಲಿ" ಎಂದು ಕೂಗಿದ್ದೇನೆ. ಚಪ್ಪಲಿ ಬಿಡುವ ಸದ್ದು. "ಏನಾಯ್ತು, ಬಿದ್ಯಾ?" ಎನ್ನುತ್ತ ಓಡಿ ಬರುತ್ತಿದ್ದಾರೆ. ಪೆನ್ನು ಇಡಬೇಕು. ಎತ್ತಿ ತೋರಿಸಬೇಕು, ಎದ್ದರೆ ಎದ್ದಿತು, ಇಲ್ಲದಿದ್ದರೆ —